ಬರೆ ಜರಿಯುವ ಜಾಗ: ನಕ್ಷೆ ನೋಡಿಯೇ ತೀರ್ಮಾನಿಸಬಹುದೇ?

ಪರ

ತೀರ್ಮಾನಿಸಬೇಕು. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲದ ಮನೆಗಳನ್ನು ಕೊಚ್ಚಿಕೊಂಡು ಹೋದದ್ದು ಹಿತ್ತಿಲ ಬರೆಯಲ್ಲ, ಅಂದರೆ ಮನೆಯ ಹಿಂದೆ ನೆಟ್ಟಗೆ ಕಡಿದ ಮಣ್ಣಿನ ಗೋಡೆಯಲ್ಲ. ಕಿಲೋಮೀಟರುಗಟ್ಟಲೆ ಮೇಲೆ ಒಡೆದ ಗುಡ್ಡ ಹೊಳೆಯ ದಾರಿ ಹಿಡಿದು ಇಳಿದು ಬಂತು. ಅಂಗಳದಲ್ಲಿ ನಿಂತವರಿಗೆ ಆ ಅಪಾಯ ಕಾಣುವುದಿಲ್ಲ. ಇಡೀ ಕಣಿವೆಯನ್ನು ಒಟ್ಟಿಗೆ ತೋರಿಸುವ ನಕ್ಷೆಯಲ್ಲಿ ಕಾಣುತ್ತದೆ.

ಕಾಸರಗೋಡು ಜಿಲ್ಲೆಯ ಪನತ್ತಡಿ, ಬಳಾಲ್‌ನಂಥ ಮಲೆಬದಿಯ ಪಂಚಾಯತುಗಳಲ್ಲಿ ಇಳಿಜಾರು 20 ಡಿಗ್ರಿ ದಾಟುವ ಜಾಗಗಳನ್ನು ನಕ್ಷೆಯಲ್ಲಿ ಮೊದಲು ಗುರುತಿಸಬೇಕು. ಅದರ ಮೇಲೆ ತೋಡುಗಳು (ಸಣ್ಣ ಹಳ್ಳಗಳು), ಹಿಂದೆ ಕುಸಿದ ಜಾಗಗಳು, ರಸ್ತೆ, ಕೊನೆಗೆ ಮನೆಗಳು. ಬಟ್ಟಲಿನಂತೆ ಒಳಬಾಗಿದ ಇಳಿಜಾರಿನಲ್ಲಿ ನಾಲ್ಕೂ ಕಡೆಯ ನೀರು ಸೇರುವುದರಿಂದ ಕುಸಿತ ಹೆಚ್ಚಾಗಿ ಅಲ್ಲೇ ಹುಟ್ಟುತ್ತದೆ. ಅಲ್ಲಿಂದ ಇಳಿಯುವ ತೋಡಿನ ಬಾಯಲ್ಲಿರುವ ಮನೆಗಳ ಪಟ್ಟಿ ಕೈಯಲ್ಲಿದ್ದರೆ ರಾತ್ರಿ ಯಾರನ್ನು ಮೊದಲು ಎಬ್ಬಿಸಬೇಕೆಂದು ಗೊತ್ತಿರುತ್ತದೆ. ಶಿಬಿರಕ್ಕೆ ಆರಿಸಿದ ಶಾಲೆಯ ದಾರಿ ಅದೇ ತೋಡನ್ನು ದಾಟುತ್ತದೆಯೇ ಎಂಬುದನ್ನೂ ನೋಡಬೇಕು. ಇದನ್ನು ಮರೆಯುವವರೇ ಹೆಚ್ಚು.

"ಅಜ್ಜನ ಕಾಲದಿಂದ ಇಲ್ಲಿ ಜರಿದಿಲ್ಲ" ಎಂಬುದು ಅಳತೆಯಲ್ಲ. ನಾಲ್ಕಾರು ತಲೆಮಾರಿಗೊಮ್ಮೆ ಆಗುವ ಕುಸಿತ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ. ಮನೆ ಕಟ್ಟಲು ಪರವಾನಗಿ ಕೊಡುವಾಗ ಎಲ್ಲರಿಗೂ ಒಂದೇ ಗೆರೆ ಇರಬೇಕು.

ವಿರೋಧ

ನಕ್ಷೆ ಇರಲಿ, ಕೊನೆಯ ಮಾತು ಅದರದ್ದಾಗಬಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ನಕ್ಷೆಯ ಪ್ರಮಾಣ 1:50,000. ಕಾಗದದ 1 ಮಿಲಿಮೀಟರ್ ಎಂದರೆ ನೆಲದ 50 ಮೀಟರ್. 10 ಸೆಂಟ್ಸ್ ಜಾಗದ ಅಗಲ ಸುಮಾರು 20 ಮೀಟರ್. ಅದು ಪೆನ್ಸಿಲ್ ಗೆರೆಯಲ್ಲೇ ಮುಳುಗಿಹೋಗುತ್ತದೆ. ಇಳಿಜಾರನ್ನು ಲೆಕ್ಕಹಾಕುವುದು ಸಾಮಾನ್ಯವಾಗಿ 30 ಮೀಟರ್ ಚೌಕಗಳಲ್ಲಿ. ನೆಟ್ಟಗೆ ಕಡಿದ 6 ಮೀಟರ್ ಬರೆ ಅಲ್ಲಿ ಸುಮಾರು 11 ಡಿಗ್ರಿಗಿಂತ ಹೆಚ್ಚು ತೋರದು.

ನಮ್ಮ ಜಿಲ್ಲೆಯ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡಗಳಲ್ಲಿ ಭಯಪಡಬೇಕಾದದ್ದು ಇಂಥ ಬರೆಗಳಿಗೇ. ಮೇಲೆ ಗಟ್ಟಿ ಕಲ್ಲು, ಅಡಿಯಲ್ಲಿ ಜೇಡಿಮಣ್ಣು. ಮನೆಗೋ ರಸ್ತೆಗೋ ಬುಡ ಕಡಿದಾಗ ಜೇಡಿ ಬಯಲಾಗುತ್ತದೆ. ಕಲ್ಲಿನ ಬಿರುಕಿನಲ್ಲಿ ಇಳಿದ ಮಳೆನೀರು ಜೇಡಿಯ ಮೇಲೆ ನಿಂತು ಅದನ್ನು ಮೆತ್ತಗಾಗಿಸುತ್ತದೆ, ಮೇಲಿನ ಕಲ್ಲು ಇಡಿಯಾಗಿ ಜಾರುತ್ತದೆ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದದ್ದೂ ರಸ್ತೆ ಅಗಲಿಸಲು ಕಡಿದ ಕಡೆಯಲ್ಲೇ. ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳೊಳಗೆ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಬಾಯಿ ಮುಚ್ಚಿಹೋದ ಹಳೆ ಸುರಂಗದಲ್ಲಿ ನೀರು ಕಟ್ಟಿ ನಿಂತರೆ ಯಾವ ಉಪಗ್ರಹಕ್ಕೂ ಕಾಣದು. ತೋಡಿದ ಮನೆಯವರನ್ನೇ ಕೇಳಬೇಕು.

ಆದ್ದರಿಂದ ಮೇ ತಿಂಗಳಲ್ಲೇ ವಾರ್ಡು ಪೂರ್ತಿ ನಡೆದು ನೋಡಬೇಕು. ಬರೆಯ ಎತ್ತರ, ಅದರ ಬುಡದಿಂದ ಗೋಡೆಗಿರುವ ದೂರ ಎರಡನ್ನೂ ಅಳೆಯಿರಿ. ದೂರ ಎತ್ತರಕ್ಕಿಂತ ಕಡಿಮೆಯಿದ್ದರೆ ಆ ಮನೆ ಮೊದಲ ಪಟ್ಟಿಗೆ. ಇಳಿಜಾರು ಅಳೆಯಲು ಮೇಸ್ತ್ರಿಗಳು ಮಟ್ಟ ಹಿಡಿಯುವ ನೀರಿನ ಪೈಪು ಸಾಕು: 10 ಮೀಟರ್ ಅಡ್ಡ ದೂರಕ್ಕೆ 3.6 ಮೀಟರ್ ಏರಿದರೆ 20 ಡಿಗ್ರಿ. ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ ಆಚೀಚೆ ಗೂಟ ನೆಟ್ಟು, ತಲೆಗೆ ಮೊಳೆ ಹೊಡೆದು, ಮೊಳೆಗಳ ಅಂತರವನ್ನು ಮಳೆಗಾಲದಲ್ಲಿ ದಿನವೂ ಬರೆದಿಡಬೇಕು. ಅಂತರ ಬೆಳೆದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ದಿಢೀರನೆ ತಗ್ಗಿದರೆ ಕೂಡಲೇ ಮನೆ ಬಿಡಬೇಕು. ನಕ್ಷೆಯಲ್ಲಿ ಅಪಾಯ ಕಡಿಮೆ ಎನ್ನುವ ಹಸಿರಿನೊಳಗೆ ಬಿದ್ದವರು ಆಗಲೂ ಏಳುವುದಿಲ್ಲ ಎಂಬುದೇ ದೊಡ್ಡ ಆತಂಕ.

ಬರೆಯ ನೆತ್ತಿಯಲ್ಲಿ ತೋಡಿದ ಇಂಗುಗುಂಡಿಗಳನ್ನು ಮುಚ್ಚಿಸಿ, ಕಣಿ ಮಾಡಿ ನೀರನ್ನು ಬದಿಗೆ ಹರಿಸುವ ಕೆಲಸಕ್ಕಂತೂ ಯಾವ ನಕ್ಷೆಗೂ ಕಾಯಬೇಕಿಲ್ಲ.