ಅಜ್ಜಿ ಹಾಕಿದ ಗಂಟು

ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಿತ್ತು ಬಂದಿದೆ. ಹಾಗಾಗಿ ಇದನ್ನು ತೋರುಬೆರಳೊಂದರಲ್ಲೇ ಕುಟ್ಟುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಅಜ್ಜಿಯನ್ನು ಕೇಳಿ ಅನ್ನೋಣವೆಂದರೆ ಅವಳಿಲ್ಲ. 93 ವರ್ಷ ಬಾಳಿ, ಮನೆಯ ಕಾಗದಪತ್ರಗಳನ್ನೆಲ್ಲ ಭದ್ರವಾಗಿ ಕಟ್ಟಿಟ್ಟು, ಹೋದ ವರ್ಷ ಹೊರಟುಹೋದಳು. ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಇವತ್ತು ಹತ್ತು ಗಂಟೆಯೊಳಗೆ ಒಂದು ಹಳೇ ಪತ್ರದ ಮೂಲ ಪ್ರತಿ ಬೇಕಿತ್ತು. ಅದೆಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬೀರುವಿನ ಮೇಲಿನ ಖಾನೆಯಲ್ಲಿ, ಅಜ್ಜಿಯ ಬಟ್ಟೆಗಂಟಿನೊಳಗೆ. ಎಂಟೂಕಾಲಿಗೆ ಇಳಿಸಿಕೊಂಡು ಕೂತೆ. ಎಂಟೂವರೆಗೆ ಏನೋ ಸಡಿಲವಾದ ಹಾಗಾಯಿತು. ಆಗಿದ್ದು ನನ್ನ ಉಗುರು. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ ಅಂತಾರೆ. ಕೈಯಲ್ಲೇ ಇದ್ದೂ ಸಿಗದ ಗಂಟಿಗೆ ಏನನ್ನಬೇಕೋ! ಒಂಬತ್ತಕ್ಕೆ ಹಲ್ಲು ಹಚ್ಚಿದೆ. ಗಂಟೆ ಓಡುತ್ತಿತ್ತು, ಗಂಟು ಕೂತಲ್ಲೇ ಕೂತಿತ್ತು.

ಚಿಕ್ಕಪ್ಪನಿಗೆ ಫೋನು ಮಾಡಿದೆ. "ಕತ್ತರಿ ತಗೊಂಡು ಕಚಕ್ ಅನ್ಸೋ, ಅದಕ್ಯಾಕೆ ಇಷ್ಟು ಯೋಚನೆ" ಅಂದರು. ಕತ್ತರಿ ಹುಡುಕುತ್ತಿರುವಾಗಲೇ ಅವರೇ ಮತ್ತೆ ಮಾಡಿದರು. ಉಸಿರು ಮೇಲೆ ಕೆಳಗೆ. "ಕತ್ತರಿಸಿಬಿಟ್ಯೇನೋ? ಇಲ್ಲ ತಾನೆ? ಬೇಡ ಮಾರಾಯ, ಅಮ್ಮ ಬೈತಾಳೆ."

ಚಿಕ್ಕಪ್ಪನಿಗೆ ಈಗ ಎಪ್ಪತ್ತು. ಅಮ್ಮ ಹೋಗಿ ವರ್ಷವಾಯಿತು. ಆದರೂ 'ಬೈತಾಳೆ'. ನಾನೂ ಅವರ ವ್ಯಾಕರಣ ತಿದ್ದಲು ಹೋಗಲಿಲ್ಲ.

ಕತ್ತರಿ ನಮ್ಮ ಮನೆಯಲ್ಲಿ ದಾರದ ಹತ್ತಿರ ಸುಳಿಯುವಂತಿರಲಿಲ್ಲ. "ಕತ್ತರಿಸಿದ ದಾರ ಎರಡಾಗಲ್ಲ, ಇದ್ದ ಒಂದೂ ಹೋಗತ್ತೆ" ಅಂತ ಅಜ್ಜಿಯ ಲೆಕ್ಕ. ಪೊಟ್ಟಣ ಕಟ್ಟಿ ಬಂದ ದಾರವನ್ನೆಲ್ಲ ಬಿಡಿಸಿ, ನೇವರಿಸಿ, ಉಂಡೆಗೆ ಸುತ್ತುತ್ತಿದ್ದಳು. ಕ್ರಿ.ಪೂ. 333ರಲ್ಲಿ ಗಾರ್ಡಿಯಂ ಎಂಬಲ್ಲಿ ಯಾರಿಗೂ ಬಿಡಿಸಲಾಗದ ಗಂಟನ್ನು ಅಲೆಕ್ಸಾಂಡರ್ ಕತ್ತಿಯಿಂದ ಕಡಿದನೆಂದು ಕತೆಯಿದೆ. ನಾನು ಶಾಲೆಯಿಂದ ಬಂದು ಅದನ್ನು ಹೇಳಿದಾಗ ಅಜ್ಜಿ ಅವನ ಜಾಣತನಕ್ಕೆ ಬೆರಗಾಗಲಿಲ್ಲ. "ಒಳ್ಳೇ ಹಗ್ಗ ಹಾಳುಮಾಡ್ದ" ಅಂದಳು.

ಬೇರೆ ಸಾಧನಗಳ ಬಗ್ಗೆಯೂ ಅವಳಿಗೆ ಭರವಸೆಯಿರಲಿಲ್ಲ. ರಬ್ಬರ್ ಬ್ಯಾಂಡಿಗೆ ಲಂಡನ್ನಿನಲ್ಲಿ ಪೇಟೆಂಟ್ ಆದದ್ದು 1845ರಲ್ಲಿ. ಅಜ್ಜಿಯ ಮಟ್ಟಿಗೆ ಅದಿನ್ನೂ ಪರೀಕ್ಷೆಯ ಹಂತದಲ್ಲಿತ್ತು. "ನಾಲ್ಕು ವರ್ಷಕ್ಕೆ ಕರಗಿ ಕಾಗದಕ್ಕೆ ಮೆತ್ತಿಕೊಳ್ಳತ್ತೆ, ಇಲ್ಲ ಮುಟ್ಟಿದರೆ ಪುಡಿಯಾಗತ್ತೆ." ಇದು ಮಾತ್ರ ನಿಜ, ನನ್ನ ಅಂಕಪಟ್ಟಿಗಳ ಮೇಲೆ ಇವತ್ತಿಗೂ ಕಂದು ಗೆರೆಗಳಿವೆ. ಜಿಪ್ಪಿನ ಬಗ್ಗೆ ಒಂದೇ ಮಾತು: "ಹಲ್ಲಿರೋ ತನಕ ಅದರ ಜಂಬ."

ಇದಿಷ್ಟೂ ಸಾಮಾನು ಕಟ್ಟುವ ಗಂಟಿನ ಮಾತಾಯಿತು. ನೆನಪು ಕಟ್ಟುವ ಗಂಟು ಬೇರೆ. ಅದು ಸೆರಗಿನ ತುದಿಯಲ್ಲಿರುತ್ತಿತ್ತು. ಏನಾದರೂ ಮರೆಯಬಾರದು ಅಂದರೆ ಅಲ್ಲೊಂದು ಗಂಟು ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಅದನ್ನೇ ಹಿಡಿದುಕೊಂಡು ನಡುಮನೆಗೆ ಬಂದು, ಬೇರೆ ಯಾರೋ ತನಗೆ ಗಂಟು ಹಾಕಿ ಹೋದವರ ಹಾಗೆ, "ಇದ್ಯಾಕೆ ಹಾಕ್ದೆ ನಾನು?" ಅನ್ನುತ್ತಿದ್ದಳು.

ಅಲ್ಲಿಂದ ವಿಚಾರಣೆ ಶುರು. "ಮಾತ್ರೆ ಮುಗಿದಿದೆ ಅಂತಿದ್ರಲ್ಲ, ಅದಕ್ಕಿರಬೇಕು" ಅಂತ ಅಮ್ಮ. "ಅದು ನೆನಪಿದೆಯಲ್ಲ, ಅದಕ್ಯಾಕೆ ಗಂಟು ಹಾಕ್ಲಿ?" ಅಂತ ಅಜ್ಜಿ. "ಕನ್ನಡಕದ ಸ್ಕ್ರೂ?" "ಅದೂ ನೆನಪಿದೆ." "ಅತ್ತೆಗೆ ಫೋನು ಮಾಡಬೇಕಿತ್ತಾ?" "ನೆನಪಿದೆ ಅಂತ ಹೇಳಲಿಲ್ವಾ!" ಯಾವುದನ್ನು ಹೇಳಿದರೂ ಹೇಳಿದ ತಕ್ಷಣ ಅದು ನೆನಪಿರುವ ಸಂಗತಿಯಾಗಿಬಿಡುತ್ತಿತ್ತು, ಆದ್ದರಿಂದ ಗಂಟಿನ ಕಾರಣ ಅದಾಗಿರಲು ಸಾಧ್ಯವಿರಲಿಲ್ಲ. ಈ ತರ್ಕವನ್ನು ಇವತ್ತಿನವರೆಗೂ ನಮ್ಮಲ್ಲಿ ಯಾರೂ ಮುರಿದಿಲ್ಲ. ಅಪ್ಪ ಪೇಪರಿನ ಹಿಂದೆ ಅಡಗಿ ಕೂರುತ್ತಿದ್ದರು. ಅವರನ್ನೂ ಹೊರಗೆಳೆದು ಸಾಕ್ಷಿ ಹೇಳಿಸಲಾಗುತ್ತಿತ್ತು.

ಒಮ್ಮೆಯಂತೂ ಮಧ್ಯಾಹ್ನದವರೆಗೂ ಬಗೆಹರಿಯದೆ, ಸಂಜೆ ಅತ್ತೆ ಬಂದಾಗ ಕೇಳಲು ಮರೆಯಬಾರದೆಂದು ಅದರ ಪಕ್ಕದಲ್ಲೇ ಎರಡನೇ ಗಂಟು ಬಿತ್ತು. ಅತ್ತೆ ಬಂದು, ಗಂಟೆಗಟ್ಟಲೆ ಮಾತಾಡಿ ಹೋದ ಮೇಲೆ, ಎರಡನೆಯದು ಯಾಕೆ ಹಾಕಿದ್ದೆಂಬ ಪ್ರಶ್ನೆ ಎದ್ದಿತು. ಮೂರನೆಯದು ಬಿತ್ತು. ಸೆರಗು ಗೇಣುದ್ದ ಗಿಡ್ಡವಾಯಿತು. ರಾತ್ರಿ ಎಲ್ಲರೂ ಮಲಗಿ ದೀಪ ಆರಿದ ಮೇಲೆ ಕತ್ತಲೆಯಿಂದ ಅಜ್ಜಿಯ ದನಿ ಬಂತು: "ಗೊತ್ತಾಯ್ತು ಕಣ್ರೋ! ಹಿಂದಿನ ಗಂಟು ಬಿಚ್ಚಿದೀನಿ ಅಂತ ಗುರುತಿಗೆ ಹಾಕಿದ್ದೆ."

ಇಂಕಾ ಸಾಮ್ರಾಜ್ಯದಲ್ಲಿ ಲೆಕ್ಕಪತ್ರವೆಲ್ಲ ಗಂಟಿನಲ್ಲೇ ಇತ್ತು. ಕ್ವಿಪು ಅನ್ನುತ್ತಿದ್ದರು. ದಾರದಲ್ಲಿ ಗಂಟು ಬಿದ್ದ ಜಾಗ ನೋಡಿ ಬಿಡಿ, ಹತ್ತು, ನೂರು ತಿಳಿಯುತ್ತಿತ್ತು, ಅದನ್ನು ಓದಲು ಪಳಗಿದ ಜನರೇ ಇದ್ದರು. ನಮ್ಮ ಮನೆಯ ಕ್ವಿಪುವನ್ನು ಓದಬಲ್ಲವಳು ಬರೆದವಳೊಬ್ಬಳೇ. ಅವಳೂ ಹೀಗೆ.

ಹೋದ ದಿನವೂ ಸೆರಗಿನಲ್ಲಿ ಒಂದು ಗಂಟಿತ್ತು. ಏನು ನೆನಪಿಟ್ಟುಕೊಳ್ಳಬೇಕಿತ್ತೋ. ಅತ್ತೆ ಅದನ್ನು ಬಿಚ್ಚಲಿಲ್ಲ. ಸೀರೆಯನ್ನು ಹಾಗೆಯೇ ಮಡಚಿ ಇಟ್ಟಿದ್ದಾರೆ. ಮಡಿಕೆಯ ಒಂದು ಮೂಲೆ ಉಬ್ಬಿಕೊಂಡಿದೆ.

ಇರಲಿ. ಒಂಬತ್ತೂಕಾಲಿಗೆ ನನಗೆ ಬುದ್ಧಿ ಬಂತು. "ಎಳೀಬೇಡ, ಎಳೆದಷ್ಟೂ ಕಚ್ಚಿಕೊಳ್ಳತ್ತೆ. ತಳ್ಳು" ಅಂತ ಅವಳು ಎಷ್ಟು ಸಲ ಹೇಳಿಲ್ಲ. ಗಂಟನ್ನು ಎರಡು ಬೆರಳ ನಡುವೆ ಹೊರಳಿಸಿ ಮೆತ್ತಗೆ ಮಾಡಬೇಕು, ಆಮೇಲೆ ತುದಿಯನ್ನು ಹಿಡಿದು ಒಳಕ್ಕೇ ನೂಕಬೇಕು. ಜಾಗ ಬಿಟ್ಟಿತೋ, ದಪ್ಪ ಸೂಜಿ ತೂರಿಸುವುದು. ಮೂರು ಗಂಟು, ಹದಿನೈದು ನಿಮಿಷ. ಬಿಚ್ಚಿತು. ಒಳಗೆ ಇನ್ನೊಂದು ಬಟ್ಟೆಗಂಟು ಇತ್ತು. ಅದಕ್ಕೆ ನಾಲ್ಕು.

ಬೆವರು ಸುರಿಸಿಕೊಂಡು ಹತ್ತೂಇಪ್ಪತ್ತಕ್ಕೆ ಕಚೇರಿ ಮುಟ್ಟಿದೆ. ಅಲ್ಲಿದ್ದವರು ಮೂಲ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿ, ವಾಪಸು ಕೊಟ್ಟು, "ಜೆರಾಕ್ಸ್ ಇದ್ದರೆ ಸಾಕಿತ್ತು" ಅಂದರು.

ಮನೆಗೆ ಬಂದು ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಬಟ್ಟೆಯ ನಾಲ್ಕು ತುದಿ ಸೇರಿಸಿ ಗಂಟು ಹಾಕಿದೆ. ಎತ್ತಿ ಖಾನೆಗೆ ಇಡುವಷ್ಟರಲ್ಲಿ ಅದು ಜಾರಿ, ಮೂರು ತಲೆಮಾರಿನ ಕಾಗದ ನನ್ನ ತಲೆ ಮೇಲೆ ಸುರಿಯಿತು. ಎಡದ ತುದಿಯನ್ನು ಬಲದ ಮೇಲೆ ಹಾಯಿಸಿ, ಎರಡನೇ ಸಲವೂ ಎಡವನ್ನೇ ಬಲದ ಮೇಲೆ ಹಾಯಿಸಿದ್ದೆ. ಎರಡನೇ ಸಲ ದಿಕ್ಕು ತಿರುಗಿಸಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. 2017ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಶೂ ಲೇಸು ತಾನಾಗಿಯೇ ಬಿಚ್ಚಿಕೊಳ್ಳುವುದನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದಾಗಲೂ ಈ ಬಗೆಯ ಗಂಟೇ ಬೇಗ ಸೋತಿತ್ತು. ಈ ಕೆಲಸಕ್ಕೆ ಬಾರದ ಗಂಟಿಗೆ ಇಂಗ್ಲಿಷಿನವರು ಇಟ್ಟ ಹೆಸರು 'ಗ್ರ್ಯಾನಿ ನಾಟ್'. ಅಂದರೆ ಅಜ್ಜಿ ಗಂಟು! ಪಾಪ, ಅವರವರ ಅಜ್ಜಿ ಅವರವರಿಗೆ.

ಕಾಗದ ಹೆಕ್ಕುತ್ತಿರುವಾಗ ಚಿಕ್ಕಪ್ಪನ ಫೋನು ಬಂತು. ಪತ್ರ ಸಿಕ್ಕಿತಾ, ಕೆಲಸ ಆಯಿತಾ, ಒಂದೂ ಕೇಳಲಿಲ್ಲ.

"ಒಳಗಿನ ಗಂಟಿಗೆ ಸುತ್ತಿದ್ದ ದಾರ ಎಲ್ಲಿಟ್ಟೆ?"

"ಉಂಡೆಗೆ ಸುತ್ತಿದೀನಿ, ಚಿಕ್ಕಪ್ಪ."

"ಹಾಂ" ಅಂದು ಇಟ್ಟುಬಿಟ್ಟರು.