ಹಾಡು ಸಿಕ್ಕಿತು, ಹೆಸರು ಕುಕ್ಕರ್ ಪಾಲಾಯಿತು

ಮದುವೆಮನೆಯಲ್ಲಿ ಬಡಿಸುವವರು ಎಲೆಗೆ ಪಾಯಸ ಹಾಕಿ ಮುಂದಿನ ಎಲೆಗೆ ಹೋಗುತ್ತಾರೆ. ಅಡುಗೆ ಭಟ್ಟರೇ ಪಂಕ್ತಿಗೆ ಬಂದರೆ ಹಾಗಲ್ಲ. "ಪಾಯಸ ಇದ್ದದ್ದೇ, ಆ ಮೂಲೆಯಲ್ಲಿರೋ ಹಾಗಲಕಾಯಿ ಗೊಜ್ಜು ರುಚಿ ನೋಡಿ" ಅನ್ನುತ್ತಾರೆ. ರೇಡಿಯೋದಲ್ಲಿ ಉದ್ಘೋಷಕರು ಹಾಡು ಹಾಕುವುದಕ್ಕೂ ಸಂಗೀತಗಾರರೇ ಮೈಕ್ ಮುಂದೆ ಕೂತು ಹಾಡು ಹಾಕುವುದಕ್ಕೂ ಇಷ್ಟೇ ವ್ಯತ್ಯಾಸ. ವಿವಿಧ ಭಾರತಿಯಲ್ಲಿ ಸೈನಿಕರಿಗಾಗಿ ಬರುವ 'ವಿಶೇಷ್ ಜಯಮಾಲಾ'ದಲ್ಲಿ ಎಸ್.ಡಿ. ಬರ್ಮನ್, ಮದನ್ ಮೋಹನ್ ಅಂಥವರು ಬಂದು ಕೂತದ್ದುಂಟು. ಎಲ್ಲರ ಬಾಯಲ್ಲಿರುವ ಹಾಡಿನ ಪಕ್ಕದಲ್ಲೇ ಸುಮ್ಮನೆ ಕೂತು ಮುದುಕಾದ ಹಾಡೊಂದು ಹೊರಗೆ ಬರುವುದು ಇಂಥ ಹೊತ್ತಿನಲ್ಲೇ.

ಅಮೆರಿಕದಲ್ಲಿ ಹಾಡುಗಾರ ಬಾಬ್ ಡಿಲನ್ ಇದನ್ನು ಚಟದ ಮಟ್ಟಕ್ಕೆ ಒಯ್ದರು. 2006ರ ಮೇ ತಿಂಗಳಿಂದ 2009ರ ಏಪ್ರಿಲ್‌ವರೆಗೆ ಎಕ್ಸ್‌ಎಂ ಸ್ಯಾಟಲೈಟ್ ರೇಡಿಯೋದಲ್ಲಿ 'ಥೀಮ್ ಟೈಮ್ ರೇಡಿಯೋ ಅವರ್' ನಡೆಸಿ, ನೂರು ಕಂತು ಮುಗಿಸಿದರು. ಕಂತಿಗೊಂದು ವಿಷಯ, ಮೊದಲನೆಯದು ಹವಾಮಾನ. ಹೆಚ್ಚಿನವು ಜನ ಮರೆತ ಹಳೇ ಹಾಡುಗಳು. ಕಾರ್ಯಕ್ರಮ 'ಅಬರ್ನಾತಿ ಬಿಲ್ಡಿಂಗ್'ನಿಂದ ಬರುತ್ತಿದೆ ಅನ್ನುತ್ತಿದ್ದರು. ಆ ಹೆಸರಿನ ಕಟ್ಟಡವೇ ಇರಲಿಲ್ಲ, ಅದು ಬೇರೆ ಮಾತು.

ಕೇಳುಗರ ಕಷ್ಟ ಮಾತ್ರ ಎಲ್ಲ ಕಡೆ ಒಂದೇ: ಹಾಡು ಸಿಗುತ್ತದೆ, ಹೆಸರು ಸಿಗುವುದಿಲ್ಲ. ಹೆಸರು ಹೇಳುವ ಹೊತ್ತಿಗೇ ಕುಕ್ಕರ್ ಕೂಗಬೇಕು ಎಂಬುದು ಭೌತಶಾಸ್ತ್ರದಲ್ಲಿ ಇನ್ನೂ ಬರೆಯದ ನಿಯಮ. ಸಂಗೀತಗಾರರು ಬೇರೆ ತಮ್ಮ ಕೈಲಾದ ತೊಂದರೆ ಕೊಡುತ್ತಾರೆ. "ಎರಡನೇ ಚರಣದ ಮುಂಚೆ ಒಂದು ಕೊಳಲು ಬರುತ್ತೆ, ಗಮನಿಸಿ" ಅನ್ನುತ್ತಾರೆ. ನೀವು ಉಸಿರು ಬಿಗಿಹಿಡಿದು ಕೊಳಲಿಗೆ ಕಾಯುತ್ತೀರಿ, ಸಿನಿಮಾದ ಹೆಸರು ಎಡಗಿವಿಯಿಂದ ಬಂದು ಬಲಗಿವಿಯಿಂದ ಹೋಗಿರುತ್ತದೆ. ಅವರೊಳಗೆ ಅಡ್ಡಹೆಸರೇ ಜಾಸ್ತಿ. ಆರ್.ಡಿ. ಬರ್ಮನ್ ಅಂತ ಬಾಯ್ತುಂಬ ಹೇಳುವ ಬದಲು 'ಪಂಚಮ್' ಅಂದುಬಿಡುತ್ತಾರೆ. ಅವಸರದಲ್ಲಿ ಬರೆದುಕೊಂಡವರ ಚೀಟಿಯಲ್ಲಿ ಅದು 'ಪಂಚಮಿ' ಆಗಿ, ಹುಡುಕಿದಾಗ ನಾಗರ ಪಂಚಮಿಯ ಹಾಡುಗಳು ಸಾಲಾಗಿ ಬರುತ್ತವೆ.

ಇದಕ್ಕೂ ಮೊದಲು ಸ್ಟೇಷನ್ ಕೇಳಬೇಕಲ್ಲ. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೊರಕೊರ ಅಂದರೆ ಮನೆಯ ಹಿರಿಯರು ಮೊದಲು ಮಾಡುವ ಕೆಲಸ ಏರಿಯಲ್ ಕಡ್ಡಿಯನ್ನು ಸೂರಿಗೆ ತಾಗುವಷ್ಟು ಎಳೆಯುವುದು. ಸಾಮಾನ್ಯ ಟ್ರಾನ್ಸಿಸ್ಟರ್‌ನಲ್ಲಿ ಆ ಕಡ್ಡಿ ಎಫ್‌ಎಂಗೆ, ಶಾರ್ಟ್‌ವೇವ್‌ಗೆ. ಮೀಡಿಯಂ ವೇವ್‌ಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಆ ಕೆಲಸ ಮಾಡುವುದು ಒಳಗೆ ಅಡ್ಡ ಮಲಗಿರುವ, ತಂತಿ ಸುತ್ತಿದ ಕಪ್ಪು ಫೆರೈಟ್ ಸರಳು. ಅದರ ಪಕ್ಕೆ ಯಾವ ಕಡೆಗಿದೆಯೋ ಆ ಕಡೆಯಿಂದ ಚೆನ್ನಾಗಿ ಹಿಡಿಯುತ್ತದೆ, ತುದಿಯ ಕಡೆಯಿಂದ ಬರುವುದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಹಾಗಾಗಿ ಕಡ್ಡಿ ಬಿಟ್ಟು ರೇಡಿಯೋವನ್ನೇ ನಿಧಾನಕ್ಕೆ ತಿರುಗಿಸಿ. ಮಿಕ್ಸಿಯ ಮೋಟಾರಿನ ಕಾರ್ಬನ್ ಬ್ರಷ್ಷಿನ ಕಿಡಿ, ಅಗ್ಗದ ಎಲ್‌ಇಡಿ ಬಲ್ಬಿನ ಒಳಗಿನ ಸರ್ಕ್ಯೂಟ್, ಎರಡೂ ಮೀಡಿಯಂ ವೇವ್‌ನ ಶತ್ರುಗಳು. ಸರಳಿನ ತುದಿಯನ್ನು ಮಿಕ್ಸಿಯತ್ತ ಗುರಿಯಿಟ್ಟರೆ ಚಟ್ನಿಯ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಚಟ್ನಿ ರುಬ್ಬುವವರಿಗೆ ಸ್ವಲ್ಪ ತಡೆಯಿರಿ ಅಂತ ಹೇಳುವುದಕ್ಕಿಂತ ಇದು ಕ್ಷೇಮ.

ಎಫ್‌ಎಂನಲ್ಲಿ ಕಡ್ಡಿಗೆ ಬೆಲೆ ಇದೆ. ನೂರು ಮೆಗಾಹರ್ಟ್ಸ್ ಆಸುಪಾಸಿಗೆ ಮುಕ್ಕಾಲು ಮೀಟರ್ ಎಳೆದರೆ ಸಾಕು. ಮೊಬೈಲಿನ ಎಫ್‌ಎಂಗೆ ಇಯರ್‌ಫೋನ್ ತಂತಿಯೇ ಏರಿಯಲ್. ತಂತಿಯನ್ನು ನೀಟಾಗಿ ಸುತ್ತಿ ಜೇಬಿಗಿಟ್ಟು "ಸಿಗ್ನಲ್ಲೇ ಇಲ್ಲ" ಅಂತ ಗೊಣಗುವವರು ಪ್ರತಿ ಬಸ್ಸಿನಲ್ಲೂ ಒಬ್ಬರಿರುತ್ತಾರೆ.

ಈಗ ಹಾಡು ಗುರುತಿಸುವ ಆ್ಯಪ್ ಇದೆಯಲ್ಲ ಅನ್ನಬಹುದು. ಇದೆ. ಅದು ರಾಗ ನೋಡುವುದಿಲ್ಲ, ಗಾಯಕರನ್ನು ನೋಡುವುದಿಲ್ಲ. ಆ ಒಂದು ಧ್ವನಿಮುದ್ರಣದ ಬೆರಳಚ್ಚನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಹಳೇ ಟೇಪು ಸ್ವಲ್ಪ ಜೋರಾಗಿ ಓಡಿದರೂ ಬೆರಳಚ್ಚು ಕೆಡುತ್ತದೆ. ಆಕಾಶವಾಣಿ ತನ್ನ ಸ್ಟುಡಿಯೋದಲ್ಲೇ ಮುದ್ರಿಸಿಕೊಂಡ ಎಷ್ಟೋ ಭಾವಗೀತೆಗಳು ಕ್ಯಾಸೆಟ್ಟಾಗಿ ಅಂಗಡಿಗೆ ಬಂದೇ ಇಲ್ಲ, ಇನ್ನು ಆ್ಯಪ್‌ನ ಪಟ್ಟಿಗೆ ಎಲ್ಲಿಂದ ಬರಬೇಕು? ಗುನುಗಿದರೆ ಹುಡುಕಿಕೊಡುವ ಸೌಲಭ್ಯವನ್ನು ಗೂಗಲ್ 2020ರಲ್ಲಿ ತಂದಿತು. ಶ್ರುತಿ ಯಾವುದಾದರೂ ನಡೆಯುತ್ತದೆ, ಸ್ವರಗಳ ಏರಿಳಿತ ಸರಿ ಇದ್ದರಾಯಿತು. ತೊಂದರೆ ಇರುವುದೇ ಅಲ್ಲಿ. ನಮ್ಮಲ್ಲಿ ಹೆಚ್ಚಿನವರು ಗುನುಗುವಾಗ ಏರು ಬರುತ್ತದೆ, ಇಳಿ ಬರುವುದಿಲ್ಲ.

ಕೊನೆಗೂ ಕಾಗದ, ಪೆನ್ಸಿಲ್ಲೇ ಗತಿ. (ಪೆನ್ನು ಬೇಡ. ರೇಡಿಯೋ ಪಕ್ಕದ ಪೆನ್ನು ಬರೆದ ಚರಿತ್ರೆಯಿಲ್ಲ.) ಮೊದಲು ಗಂಟೆ, ನಿಮಿಷ ಬರೆಯಿರಿ. ಆಮೇಲೆ ಪಲ್ಲವಿ ಅಲ್ಲ, ಮೊದಲ ಚರಣದ ಮೂರು ಪದ. ಪಲ್ಲವಿಯಲ್ಲಿ ನಲ್ಲೆ, ಮಲ್ಲಿಗೆ, ಚಂದಿರ ಇದ್ದೇ ಇರುತ್ತಾರೆ. ಅವರನ್ನು ಹುಡುಕಿದರೆ ಸಾವಿರ ಹಾಡು ಬರುತ್ತದೆ. ಕೊನೆಯ ಚರಣವನ್ನೂ ನಂಬಬೇಡಿ. ಹತ್ತಿಂಚಿನ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟಿನ ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ, ಹಾಗಾಗಿ ಸಿನಿಮಾದಲ್ಲಿದ್ದ ಚರಣ ಪ್ಲೇಟಿನಲ್ಲಿ ಮಾಯವಾದದ್ದುಂಟು. ಸಿನಿಮಾದ ಹೆಸರಿನ ಜೊತೆ ಸಂಗೀತ ನಿರ್ದೇಶಕರ ಹೆಸರೂ ಬೇಕು. ಬರೀ 'ಗಂಧದ ಗುಡಿ' ಅಂತ ಬರೆದಿಟ್ಟರೆ 1973ರದ್ದೋ 2022ರದ್ದೋ? ಪಕ್ಕದಲ್ಲಿ 'ರಾಜನ್-ನಾಗೇಂದ್ರ' ಅಂತಿದ್ದರೆ ಜಗಳವಿಲ್ಲ.

ಇಷ್ಟಾಗಿಯೂ ಹೆಸರು ತಪ್ಪಿದರೆ ಇನ್ನೊಂದು ಉಪಾಯ ಇದೆ. ಅದೇ ವಾಹಿನಿ ಮೊಬೈಲಿನ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲೂ ಬರುತ್ತಿದ್ದರೆ, ಇಂಟರ್‌ನೆಟ್ ದಾರಿ ಸುತ್ತಿ ಬರುವುದರಿಂದ ಅದು ರೇಡಿಯೋಗಿಂತ ಹಿಂದಿರುತ್ತದೆ. ಅರ್ಧ ನಿಮಿಷ ಹಿಂದಿದ್ದರೂ ಆಶ್ಚರ್ಯವಿಲ್ಲ. ಅಡುಗೆಮನೆಯ ರೇಡಿಯೋದಲ್ಲಿ ಕುಕ್ಕರ್ ನುಂಗಿದ ಹೆಸರನ್ನು ಹಾಲ್‌ನ ಮೊಬೈಲ್ ಇನ್ನೂ ಹೇಳಿರುವುದಿಲ್ಲ. ಆ್ಯಪ್ ಮೊದಲೇ ಹಾಕಿಟ್ಟಿರಬೇಕು, ಬಾಗಿಲು ತೆರೆದಿರಬೇಕು, ಹೊಸ್ತಿಲು ಎಡವಬಾರದು. ಓಡಿಹೋಗಿ ಕಿವಿಗಿಟ್ಟುಕೊಂಡರೆ ಸಿನಿಮಾ, ಕವಿ, ಗಾಯಕ, ಸಂಗೀತ, ಅಷ್ಟೂ ಸಿಕ್ಕಿತು. ಚೀಟಿಯಲ್ಲಿ ದುಂಡಗೆ ಬರೆದೂ ಆಯಿತು. ಆಗ ಒಳಗಿಂದ ದನಿ ಬರುತ್ತದೆ:

"ರೀ, ಅಲ್ಲೇ ಇದ್ರಲ್ಲ, ಎಷ್ಟು ವಿಶಲ್ ಆಯ್ತು?"

ಅದನ್ನು ಯಾರೂ ಬರೆದುಕೊಂಡಿರುವುದಿಲ್ಲ.