ಇಲ್ಲಿ ಯಾವ ಊರು ಮುಳುಗಿದ್ದು?

ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಂದ ಕೊಚ್ಚಿಗೆ ರಾತ್ರಿಯಿಡೀ ಕೂತು ಹೋದಮೇಲೂ ಐಲ್ಯಾಂಡ್ ನೋಡಬೇಕೆಂದರೆ ತಲೆಗೆ 150 ರೂಪಾಯಿ ಕೊಟ್ಟು ಬೋಟು ಹತ್ತಬೇಕು. ಇದು ಯಾವ ನ್ಯಾಯ ಅಂತ ನನಗೆ ಈಗಲೂ ಗೊತ್ತಾಗಿಲ್ಲ. ಕನ್ಯಾಕುಮಾರಿಗೆ ಹೋಗುವ ಆ ರೈಲನ್ನು ಹಳಬರು ಇನ್ನೂ ಐಲ್ಯಾಂಡ್ ಅಂತಲೇ ಕರೆಯುತ್ತಾರೆ. ಒಂದು ಕಾಲದಲ್ಲಿ ಅದು ನಿಜವಾಗಿಯೂ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದವರೆಗೆ ಹೋಗಿ, ಅಲ್ಲಿನ ಹಾರ್ಬರ್ ಟರ್ಮಿನಸ್‌ನಲ್ಲಿ ನಿಲ್ಲುತ್ತಿತ್ತು. ಆಮೇಲೆ ದಾರಿ ಬದಲಾಯಿತು, ಹೆಸರು ಉಳಿಯಿತು. ನಮ್ಮ ಕಡೆ ಮದುವೆಯಾಗಿ ಬಂದ ಹೆಂಗಸರನ್ನು ನಲವತ್ತು ವರ್ಷ ಆದಮೇಲೂ ತವರೂರಿನ ಹೆಸರಿಂದ ಕರೆಯುತ್ತಾರಲ್ಲ, ಹಾಗೆ.

ನಾವು ಮೂವರು. ನಾನು, ಹೆಂಡತಿ, ಮತ್ತು 72 ವರ್ಷದ ಅಮ್ಮ. ಎರ್ನಾಕುಲಂನ ಮರೀನ್ ಡ್ರೈವಿಗೆ ಕಾಲಿಟ್ಟ ಕೂಡಲೇ ಒಬ್ಬ "ಬೋಟಿಂಗ್ ಬೋಟಿಂಗ್, ಒನ್ ಅವರ್, ಫೋರ್ಟ್ ಕೊಚ್ಚಿ" ಅಂತ ಹಿಂದೆ ಬಿದ್ದ. 200 ಅಂದ. ಹೆಂಡತಿ ಮುಖ ಆ ಕಡೆ ತಿರುಗಿಸಿದಳು. 150 ಆಯಿತು. ಆ ತಿರುಗಿಸುವಿಕೆಗೆ ಚಿಕ್ಕಪೇಟೆಯಲ್ಲೂ ಇಷ್ಟೇ ಬೆಲೆ ಇದೆ.

"ಈಗಲೇ ಹೊರಡುತ್ತೆ" ಅಂದ. ಇದನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಸಾಗರದ ಪ್ರೈವೇಟ್ ಬಸ್‌ಸ್ಟ್ಯಾಂಡಿನಲ್ಲಿ. ಡ್ರೈವರ್ ಎಂಜಿನ್ ಆನ್ ಮಾಡಿ, ಒಂದು ಮೊಳ ಮುಂದೆ ಬಿಟ್ಟು, ಇನ್ನೇನು ಹೊರಟೇ ಬಿಟ್ಟಿತು ಅನ್ನುವಾಗ ಇಳಿದು ಟೀ ಕುಡಿಯಲು ಹೋಗುವ ಆ ಕಲೆ ಇಲ್ಲಿ ನೀರಿನ ಮೇಲೂ ಇದೆ. ಒಂದು ಗಂಟೆಯ ಪ್ರಯಾಣಕ್ಕೆ ನಲವತ್ತು ನಿಮಿಷ ಕಾದೆವು. ಪ್ಲಾಸ್ಟಿಕ್ ಕುರ್ಚಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. ನನ್ನದು ಹಿಂದಿನ ಟ್ರಿಪ್ಪಿನವರ ಬೆವರಿನಿಂದ ಇನ್ನೂ ಒದ್ದೆಯಿತ್ತು. ತಾನೂರಿನಲ್ಲಿ 2023ರ ಮೇ ತಿಂಗಳಲ್ಲಿ ಬೋಟು ಮಗುಚಿ 22 ಜನ ಹೋದದ್ದು ನೆನಪಿದ್ದುದರಿಂದ ನಾನು ಸುಮ್ನೆ ಹಾಕಿಕೊಂಡೆ.

ಅಮ್ಮ ಹಾಕಿಕೊಳ್ಳಲಿಲ್ಲ. "ಲಾಂಚಿಗೆ ಇದೆಲ್ಲ ಯಾಕೆ ಮಾರಾಯ?" ಅಂದಳು.

ಅಮ್ಮನಿಗೆ ನೀರಿನ ಮೇಲೆ ಹೋಗುವುದೆಲ್ಲ ಲಾಂಚು. ಅವಳು ಶರಾವತಿ ಕಡೆಯವಳು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹೋಗುವ ಲಾಂಚನ್ನು ನೀವು ಸಿಗಂದೂರಿಗೆ ಹೋಗಿದ್ದರೆ ನೋಡಿರುತ್ತೀರಿ. ಬಸ್ಸು, ಕಾರು, ಬೈಕು, ಬಾಳೆಗೊನೆ, ಮದುವೆ ದಿಬ್ಬಣ ಎಲ್ಲ ಒಂದೇ ತಟ್ಟೆಯಲ್ಲಿ ಇಟ್ಟ ಹಾಗೆ ಹೋಗುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಅದನ್ನು ನೋಡಿ ಬಂದವಳು "ಚೆನ್ನಾಗಿದೆ, ಆದರೆ ಮಾತಾಡೋಕೆ ಟೈಮೇ ಸಿಗಲ್ಲ" ಅಂದಿದ್ದಳು. ಅಂಥವಳನ್ನು ಬೋಟಿಂಗ್ ಅಂತ ಕರೆದುಕೊಂಡು ಬಂದದ್ದು ನನ್ನ ತಪ್ಪು. ಬಸ್ಸನ್ನೇ ಹೊತ್ತುಕೊಂಡು ಹೋಗುವುದರಲ್ಲಿ ಓಡಾಡಿದವಳಿಗೆ ಅರವತ್ತು ಕುರ್ಚಿಯ ಬೋಟು ಏನು ದೊಡ್ಡದು. ಕೊನೆಗೆ ಬೋಟಿನ ಹುಡುಗ ಬಂದು "ಅಮ್ಮಾ" ಅಂತ ಮಲಯಾಳದಲ್ಲಿ ಏನೋ ಹೇಳಿದ. ಅಮ್ಮ ಕನ್ನಡದಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಜಾಕೆಟ್ಟು ಹಾಕಿಕೊಂಡಳು. ನಾನು ಹೇಳಿದರೆ ಮಾತ್ರ ಕೇಳುವುದಿಲ್ಲ.

ಇಂಥ ಬೋಟುಗಳಲ್ಲಿ ಒಂದು ನಿಯಮ ಇದೆ. ನೀವು ಯಾವ ಕಡೆ ಕೂತಿರುತ್ತೀರೋ ನೋಡುವಂಥದ್ದು ಅದರ ಎದುರುಗಡೆ ಇರುತ್ತದೆ. ನಾವು ಮೊದಲೇ ಹತ್ತಿ, ನಲವತ್ತು ನಿಮಿಷ ಕಾಪಾಡಿಕೊಂಡದ್ದು ಎಡಗಡೆಯ ಕಂಬಿ ಪಕ್ಕದ ಮೂರು ಕುರ್ಚಿ. ಹೊರಟ ಐದೇ ನಿಮಿಷಕ್ಕೆ ಸ್ಪೀಕರು "ಆನ್ ಯುವರ್ ರೈಟ್, ಬೋಲ್ಗಾಟ್ಟಿ ಪ್ಯಾಲೇಸ್" ಅಂತು. ಡಚ್ಚರು 1744ರಲ್ಲಿ ಕಟ್ಟಿಸಿದ್ದು, ಈಗ ಹೋಟೆಲ್ಲು. ನನಗೆ ಕಂಡದ್ದು ಒಬ್ಬರ ಬೆನ್ನು, ಎತ್ತಿ ಹಿಡಿದ ಹನ್ನೆರಡು ಮೊಬೈಲು, ನಡುವೆ ಒಂದು ಚೂರು ಹೆಂಚು. ಆಮೇಲೆ ವಲ್ಲಾರ್‌ಪಾಡಂ ದ್ವೀಪದ ಕಂಟೇನರ್ ಟರ್ಮಿನಲ್, ಅದೂ ಬಲಕ್ಕೆ. ಬಹುಮಹಡಿ ಕಟ್ಟಡದಷ್ಟು ಎತ್ತರದ ಕ್ರೇನುಗಳು. ಅವು ಎತ್ತರ ಇದ್ದುದರಿಂದ ಬೆನ್ನುಗಳ ಮೇಲಿಂದ ಕಂಡವು. ವೈಪಿನ್ ದ್ವೀಪವೂ ಬಲಕ್ಕೆ. ತಡೆಯಲಾರದೆ ಎದ್ದು ಬಲಗಡೆ ಹೋದೆವು. ಹೋಗಿ ಕೂತ ಮೇಲೆ ಸ್ಪೀಕರು, "ಆನ್ ಯುವರ್ ಲೆಫ್ಟ್, ಚೈನೀಸ್ ಫಿಶಿಂಗ್ ನೆಟ್ಸ್" ಅಂತು. ಇಡೀ ಬೋಟು ಎಡಕ್ಕೆ ಎದ್ದಿತು, ಬೋಟೂ ಎಡಕ್ಕೆ ವಾಲಿತು, ಹುಡುಗ "ಸಿಟ್ ಸಿಟ್" ಅಂತ ಕೂಗಿದ.

ಇದರ ಮಧ್ಯೆ ಸ್ಪೀಕರು ಹಲವು ಸಲ ಬ್ಯಾಕ್‌ವಾಟರ್ ಬ್ಯಾಕ್‌ವಾಟರ್ ಅಂದಿತ್ತು. "ಅದೇನು?" ಅಂತ ಅಮ್ಮ ಕೇಳಿದಳು. ನಾನು "ಹಿನ್ನೀರು" ಅಂದೆ.

ಅಮ್ಮ ಒಂದು ಸಲ ಸುತ್ತ ನೋಡಿದಳು. "ಹೌದಾ? ಇಲ್ಲಿ ಯಾವ ಊರು ಮುಳುಗಿದ್ದು?"

ಅನುವಾದ ಸರಿಯಾಗಿಯೇ ಇತ್ತು, ಅಲ್ವಾ? ಎಲ್ಲ ಪ್ರವಾಸಿ ಪುಸ್ತಕಗಳಲ್ಲೂ ಕೇರಳದ ಹಿನ್ನೀರು ಅಂತಲೇ ಬರೆಯುತ್ತಾರೆ. ಆದರೆ ನಮ್ಮ ಕಡೆ ಹಿನ್ನೀರು ಅಂದರೆ ಅಣೆಕಟ್ಟಿನ ಹಿಂದಿನ ನೀರು. ಕನ್ನಂಬಾಡಿ ಹಿನ್ನೀರು, ಭದ್ರಾ ಹಿನ್ನೀರು, ಲಿಂಗನಮಕ್ಕಿ ಹಿನ್ನೀರು. ಆ ನೀರಿನ ಕೆಳಗೆ ಯಾರದೋ ಮನೆ, ಗದ್ದೆ, ದೇವಸ್ಥಾನದ ಕಟ್ಟೆ ಇದ್ದೇ ಇರುತ್ತದೆ. ಅದಕ್ಕೆ ಮುಳುಗಡೆ ಅಂತ ಬೇರೆ ಪದವೇ ಇದೆ. "ಅವರು ಮುಳುಗಡೆಯವರು" ಅಂದರೆ ಸಾಕು, ಮುಂದೆ ಏನೂ ಕೇಳಬೇಕಾಗಿಲ್ಲ. ಲಿಂಗನಮಕ್ಕಿ ಕಟ್ಟು ಮುಗಿದದ್ದು 1964ರಲ್ಲಿ. ಅಮ್ಮನಿಗೆ ಆಗ ಹನ್ನೊಂದು ವರ್ಷ. ಅವಳ ತವರುಮನೆಯನ್ನು ಲಾರಿಗೆ ಹೇರಿ ಶಿವಮೊಗ್ಗದ ಹತ್ತಿರದ ಕಾಡಿನಲ್ಲಿ ಇಳಿಸಿದರು. ಆದ್ದರಿಂದ ಅಗಲವಾದ ನೀರು ಕಂಡರೆ ಅವಳಿಗೆ ಬರುವ ಮೊದಲ ಪ್ರಶ್ನೆ ಅದೇ.

"ಇಲ್ಲಮ್ಮ, ಇಲ್ಲಿ ಯಾವುದೂ ಮುಳುಗಿಲ್ಲ. ಎದ್ದಿದೆ" ಅಂದೆ.

ಬುದ್ಧಿವಂತಿಕೆಗೆ ಹೇಳಿದ್ದಲ್ಲ, ನಿಜವೇ. ಇಲ್ಲಿನ ಹಿನ್ನೀರು ಅಂದರೆ ಹೊಳೆಗಳು ಸಮುದ್ರ ಸೇರುವ ಮುಂಚೆ ಹರಡಿಕೊಂಡು ನಿಂತದ್ದು, ಅರ್ಧ ಸಿಹಿ ಅರ್ಧ ಉಪ್ಪು. 1341ರಲ್ಲಿ ಪೆರಿಯಾರ್ ಹೊಳೆಗೆ ಬಂದ ದೊಡ್ಡ ನೆರೆಯಲ್ಲಿ ಉತ್ತರದ ಮುಜಿರಿಸ್ ಬಂದರು ಹೂಳು ತುಂಬಿ ಕೆಟ್ಟಿತು, ಕೊಚ್ಚಿಯ ಬಾಯಿ ತೆರೆಯಿತು ಅಂತ ಇತಿಹಾಸದವರು ಹೇಳುತ್ತಾರೆ. ವೈಪಿನ್ ದ್ವೀಪ ಎದ್ದದ್ದೂ ಆಗಲೇ ಅಂತೆ. ಪುದು ಅಂದರೆ ಹೊಸದು, ವೈಪ್ಪು ಅಂದರೆ ಇಟ್ಟದ್ದು. ನೀರು ತಂದು ಹೊಸದಾಗಿ ಇಟ್ಟ ನೆಲ. ಆ ವರ್ಷದಿಂದ ಎಣಿಸುವ ಪುದುವೈಪ್ಪು ಶಕೆ ಅಂತ ಒಂದು ಇತ್ತು. ನೆರೆ ಬಂದ ವರ್ಷದಿಂದ ಕ್ಯಾಲೆಂಡರ್ ಶುರು ಮಾಡಿದ ಜನರ ಬಗ್ಗೆ ನನಗೆ ತುಂಬ ಗೌರವ ಇದೆ.

ವಿಲ್ಲಿಂಗ್ಡನ್ ದ್ವೀಪದ ಕಥೆ ಇನ್ನೂ ಮಜಾ. ಕೊಚ್ಚಿಯ ಅಳಿವೆಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ ಇತ್ತು. ದೊಡ್ಡ ಹಡಗುಗಳು ಒಳಗೆ ಬರಲಾರದೆ ಹೊರಗೆ ಸಮುದ್ರದಲ್ಲೇ ನಿಲ್ಲುತ್ತಿದ್ದವು. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್ 1920ರಲ್ಲಿ ಬಂದು ಆ ದಿಬ್ಬ ಕಡಿಸಿ, ತಳ ಆಳ ಮಾಡಿಸಿದ. 1928ರಲ್ಲಿ ಪದ್ಮ ಎಂಬ ಹಡಗು ಒಳಗೆ ಬಂತು. ಎತ್ತಿದ ರಾಶಿ ರಾಶಿ ಹೂಳನ್ನು, ಅಲ್ಲೇ ಇದ್ದ ಒಂದು ಪುಟ್ಟ ದ್ವೀಪದ ಪಕ್ಕ ಸುರಿದರು. ಅದು ಬೆಳೆದು ಬಂದರು, ರೈಲು ನಿಲ್ದಾಣ, ಹೋಟೆಲು ಎಲ್ಲ ಇರುವ ದ್ವೀಪವಾಯಿತು. ಆಗಿನ ವೈಸರಾಯ್ ಹೆಸರು ಇಟ್ಟರು. ಅಂದರೆ ನಮ್ಮ ರೈಲಿಗೆ ಹೆಸರು ಕೊಟ್ಟ ಐಲ್ಯಾಂಡು ಬರೀ ಹೂಳು. ನಮ್ಮಲ್ಲೂ ಪ್ರತಿ ವರ್ಷ ಕೆರೆ ಹೂಳೆತ್ತುತ್ತಾರೆ. ಏಳುವುದು ಬಿಲ್ಲು ಮಾತ್ರ.

ಇದನ್ನೆಲ್ಲ ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಹಾಗಾದ್ರೆ ಇವರು ಪುಣ್ಯವಂತರು" ಅಂದಳು. ಅಷ್ಟೇ.

ಚೀನಾ ಬಲೆಗಳು ಬಂದವು. ಚಿತ್ರದಲ್ಲಿ ನೋಡಿದಾಗ ಇವು ಏನೋ ದೊಡ್ಡ ಜೇಡನ ಹಾಗೆ ಕಾಣುತ್ತಿದ್ದವು. ಹತ್ತಿರದಿಂದ ನೋಡಿದ ಕೂಡಲೇ ಅಮ್ಮ, "ಏತ!" ಅಂದಳು. ಹೌದಲ್ಲ. ಬಾವಿಯಿಂದ ನೀರೆತ್ತುವ ಏತದ್ದೇ ಲೆಕ್ಕ. ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ನೇತುಹಾಕಿದ ಕಲ್ಲುಗಳು. ನಾಲ್ಕೈದು ಜನ ಹಗ್ಗ ಹಿಡಿದು ಭಾರ ಕೊಟ್ಟರೆ ಬಲೆ ನಿಧಾನ ಮೇಲೇಳುತ್ತದೆ. ನಾವು ನೋಡುತ್ತಿದ್ದಾಗ ಒಂದು ಎದ್ದಿತು. ಬೋಟಿನ ಎಲ್ಲರೂ ಉಸಿರು ಹಿಡಿದರು. ಮೇಲೆ ಬಂದದ್ದು ಮೂರೋ ನಾಲ್ಕೋ ಮೀನು, ಒಂದಿಷ್ಟು ಪಾಚಿ, ಒಂದು ನೀರಿನ ಬಾಟಲಿ. ಜನ ಚಪ್ಪಾಳೆ ಹೊಡೆದರು. ಮೀನು ಹಿಡಿಯುವವರು ನಮ್ಮ ಕಡೆ ನೋಡಲೂ ಇಲ್ಲ. ಒಂದು ಗಂಟೆಗೊಮ್ಮೆ ಒಂದು ಬೋಟು ಜನ ಬಂದು, ನೀವು ಕೆಲಸ ಮಾಡುವುದನ್ನು ನೋಡಿ ಚಪ್ಪಾಳೆ ಹೊಡೆದರೆ ನಿಮಗೆ ಹೇಗನ್ನಿಸುತ್ತದೆ? ನನ್ನ ಆಫೀಸಿಗೆ ಅಂಥ ಬೋಟು ಬಂದರೆ ನಾನೂ ನೋಡುವುದಿಲ್ಲ.

ಅಳಿವೆಬಾಯಿಯ ಹತ್ತಿರ ಬೋಟು ತೂಗಾಡಿತು. ಅಲ್ಲಿಂದ ಆಚೆ ಅರಬ್ಬಿ ಸಮುದ್ರ. ಅಲ್ಲಿ ಡಾಲ್ಫಿನ್ ಕಾಣುತ್ತದೆ ಅಂತ ಹುಡುಗ ಹೇಳಿದ. ಒಂದು ಬೂದು ಬೆನ್ನು ಎದ್ದು ಮುಳುಗಿದ್ದನ್ನು ಹೆಂಡತಿ ನೋಡಿದಳಂತೆ. ನಾನು ಆಗ ಬಲಗಡೆ ಇದ್ದೆ. ವಾಸ್ಕೋ ಡ ಗಾಮ 1524ರಲ್ಲಿ ಈ ಊರಲ್ಲೇ ಸತ್ತ, ಇಲ್ಲಿನ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಹೂಳಿದ್ದರು, 1539ರಲ್ಲಿ ಮೂಳೆಗಳನ್ನು ಪೋರ್ಚುಗಲ್ಲಿಗೆ ಒಯ್ದರು ಅಂತ ಸ್ಪೀಕರು ಹೇಳುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಡಾಲ್ಫಿನ್ ಮುಂದೆ ಗಾಮ ಯಾವ ಲೆಕ್ಕ.

ಬೋಟು ತಿರುಗಿ ಮಟ್ಟಾಂಚೇರಿ ಕಡೆ ಬಂತು. ಇಷ್ಟು ಹೊತ್ತು ನೋಡಿದ್ದರಲ್ಲಿ ನನಗೆ ಹಿಡಿಸಿದ್ದು ಇದು. ನೀರಿಗೆ ತಾಗಿ ನಿಂತ ಹಳೇ ಗೋಡೌನುಗಳು, ಮಾಸಿದ ಗೋಡೆ, ಪಾಚಿ ಕಟ್ಟಿದ ಮೆಟ್ಟಿಲು, ಮೇಲೆ ಹೆಂಚು. ನೀರಿನ ಕಡೆಗೇ ದೊಡ್ಡ ದೊಡ್ಡ ಬಾಗಿಲುಗಳು. ಹಿಂದಿನ ದಿನ ನಾವು ಆಟೋದಲ್ಲಿ ಇದೇ ಬೀದಿಗೆ ಬಂದಿದ್ದೆವು. ಆಗ ಸಂದಿಗೊಂದಿ, ಪ್ರವಾಸಿಗರ ಅಂಗಡಿ, ಕಾಶ್ಮೀರಿ ಶಾಲು ಅಷ್ಟೇ ಕಂಡಿತ್ತು. ನಾವು ಬಂದದ್ದೇ ಹಿತ್ತಿಲಿಂದ. ಈ ಊರಿನ ಜಗಲಿ ಇರುವುದು ನೀರಿನ ಕಡೆಗೆ. ಅರಬರು, ಪೋರ್ಚುಗೀಸರು, ಡಚ್ಚರು ಎಲ್ಲ ಜಗಲಿಗೆ ಬಂದವರು. ಬಂದದ್ದು ಯಾತಕ್ಕೆ ಅಂತ ಗಾಳಿಯೇ ಹೇಳುತ್ತಿತ್ತು. ಶುಂಠಿಯದೋ ಮೆಣಸಿನದೋ ಒಣ ಘಾಟು, ಡೀಸೆಲ್ಲಿನ ಮಧ್ಯೆಯೂ ಬಂತು.

ಅಮ್ಮ ಮೂಗು ಅರಳಿಸಿದಳು. "ಇದು ಆ ಕೊಚ್ಚಿಯೇನಾ?"

"ಯಾವ ಕೊಚ್ಚಿ?"

"ಅಣ್ಣನ ಕೊಚ್ಚಿ."

ಸೋದರಮಾವನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಇದೆ. ನಾನು ಚಿಕ್ಕವನಿದ್ದಾಗಿಂದ ಅವನು ಬೆಳಿಗ್ಗೆ ಪೇಪರು ಬಂದ ಕೂಡಲೇ ನೋಡುತ್ತಿದ್ದುದು ರಾಜಕೀಯ ಅಲ್ಲ, ಕಾಳುಮೆಣಸಿನ ಕೊಚ್ಚಿ ರೇಟು. ವ್ಯಾಪಾರಿ ಬಂದು ಕಮ್ಮಿ ಹೇಳಿದರೆ "ಕೊಚ್ಚಿಯಲ್ಲಿ ಎಷ್ಟಿದೆ ಗೊತ್ತುಂಟು ನಂಗೆ" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಕೊಚ್ಚಿ ಒಂದು ಊರಾಗಿರಲೇ ಇಲ್ಲ, ಅದೊಂದು ರೇಟು. ಮೆಣಸಿಗೂ ಶರಾವತಿಗೂ ಹಳೇ ನಂಟು ಬಿಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟವರು ಗೌರವಕ್ಕೆ ಇಟ್ಟರೋ ಹೊಟ್ಟೆಕಿಚ್ಚಿಗೆ ಇಟ್ಟರೋ.

ಎದುರಿಗೆ ಬಿಳಿ ನೀಲಿ ಬಣ್ಣದ ವಾಟರ್ ಮೆಟ್ರೋ ಬೋಟೊಂದು ಸದ್ದಿಲ್ಲದೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಶುರುವಾದದ್ದು, ಬ್ಯಾಟರಿಯಲ್ಲಿ ಓಡುತ್ತದೆ, ಎಸಿ ಇದೆ. ವಿಕ್ರಾಂತ್ ಯುದ್ಧನೌಕೆ ಕಟ್ಟಿದ ಕೊಚ್ಚಿನ್ ಶಿಪ್‌ಯಾರ್ಡೇ ಇದನ್ನೂ ಕಟ್ಟಿದ್ದು. ಒಳಗಿದ್ದವರಲ್ಲಿ ಮುಕ್ಕಾಲು ಜನ ಮೊಬೈಲು ನೋಡುತ್ತಿದ್ದರು, ಒಬ್ಬಾಕೆ ಬ್ಯಾಗು ತಬ್ಬಿಕೊಂಡು ನಿದ್ದೆ ಹೋಗಿದ್ದಳು. ನಾವು 150 ಕೊಟ್ಟು ನೋಡುವುದನ್ನು ಅವರು ನೋಡದೆ ಹೋಗುತ್ತಿದ್ದರು. "ನಮ್ಮ ಲಾಂಚಲ್ಲೂ ಯಾರೂ ನೀರು ನೋಡ್ತಿರಲಿಲ್ಲ" ಅಂದಳು ಅಮ್ಮ.

ಇನ್ನೇನು ದಡ ಬಂತು ಅನ್ನುವಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ನಾಣ್ಯ ತೆಗೆದು, ಹಣೆಗೆ ಮುಟ್ಟಿಸಿ, ನೀರಿಗೆ ಹಾಕಿದಳು. ರೈಲಿನಲ್ಲಿ ಕಾವೇರಿ ದಾಟುವಾಗಲೂ ಹಾಕುತ್ತಾಳೆ, ತುಂಗೆಗೂ ಹಾಕುತ್ತಾಳೆ. ಲಾಂಚಿನಲ್ಲಿ ಹಾಕಿದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಸುಮ್ನೆ ಕೇಳಿದೆ.

"ಅಲ್ಲಿಗೆ ಕಾಸು ಯಾಕೆ? ಮನೇನೇ ಕೊಟ್ಟಿದೀವಲ್ಲ" ಅಂದಳು.

ಹೆಂಡತಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹುಡುಗ ಹಗ್ಗ ಎಸೆದ, ಬೋಟು ಟೈರಿಗೆ ಗುದ್ದಿತು, ಎಲ್ಲರೂ ಒಂದೇ ಸಲ ಎದ್ದರು.

ಇಳಿದ ಮೇಲೆ ಅಮ್ಮ ಮತ್ತೆ ಮಟ್ಟಾಂಚೇರಿಗೆ ಹೋಗಬೇಕು ಅಂತ ಹಟ ಹಿಡಿದಳು. ಸಿನಗಾಗ್ ನೋಡೋದಾ ಅಂದೆ. 1568ರಲ್ಲಿ ಕಟ್ಟಿದ್ದು, ನೋಡಬೇಕಾದದ್ದೇ. ಅದೆಲ್ಲ ಬೇಡ ಅಂದಳು. ಆಟೋದಲ್ಲಿ ಹೋಗಿ ಒಂದು ಸಾಂಬಾರ ಪದಾರ್ಥದ ಅಂಗಡಿ ಮುಂದೆ ಇಳಿದಳು. ಚೀಲದಲ್ಲಿದ್ದ ಕಾಳುಮೆಣಸನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಒಂದು ಕಾಳು ಕಚ್ಚಿ, ಉಗಿದು, ರೇಟು ಕೇಳಿದಳು. ಒಂದು ಕಾಳೂ ಕೊಳ್ಳಲಿಲ್ಲ. ಹೊರಗೆ ಬಂದು ನನ್ನ ಫೋನಿನಿಂದ ಮಾವನಿಗೆ ಮಾಡಿಸಿದಳು.

"ಅಣ್ಣಾ, ಕೊಚ್ಚಿ ರೇಟು ಎಷ್ಟು ಗೊತ್ತಾ ಇವತ್ತು? ಪೇಪರಿಂದಲ್ಲ, ಕೊಚ್ಚಿಯಿಂದಲೇ ಹೇಳ್ತಿದೀನಿ."

ಆ ಕಡೆಯಿಂದ ಮಾವ ಏನೋ ಕೇಳಿದ.

"ಹಡಗಲ್ಲ ಮಾರಾಯ. ಲಾಂಚು."